ಎಂಜಿನ್ ನಿಂತಾಗ ಎಲ್ಲಿ ಇಳಿಯಬೇಕು? ಓದುಗರ ಪ್ರಶ್ನೆಗಳಿಗೆ ಉತ್ತರ

ಒಂದೇ ಎಂಜಿನ್ ಇರುವ ಸಣ್ಣ ವಿಮಾನದಲ್ಲಿ ಹಾರಾಟದ ನಡುವೆ ಎಂಜಿನ್ ಕೆಟ್ಟರೆ ಇಳಿಯುವ ಜಾಗವನ್ನು ಹೇಗೆ ಆರಿಸುತ್ತಾರೆ ಎಂದು ಕೇಳಿ ಹಲವು ಪತ್ರಗಳು ಬಂದಿವೆ. ಬರೆದವರಲ್ಲಿ ವಿಮಾನ ಹಾರಿಸಲು ಕಲಿಯುತ್ತಿರುವವರೂ ಇದ್ದಾರೆ, ಸಣ್ಣ ವಿಮಾನವನ್ನು ಒಮ್ಮೆಯೂ ಹತ್ತದವರೂ ಇದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಇಲ್ಲಿ ಉತ್ತರಿಸಿದ್ದೇನೆ. ಅಂಕಿಗಳನ್ನು ಹೇಳಬೇಕಾದ ಕಡೆ, ಜಗತ್ತಿನ ಬಹಳಷ್ಟು ತರಬೇತಿ ಶಾಲೆಗಳಲ್ಲಿರುವ ಸೆಸ್ನಾ 172 ಎಸ್ ವಿಮಾನವನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಹಾರುವವರು ತಮ್ಮ ವಿಮಾನದ ಕೈಪಿಡಿಯಲ್ಲಿರುವ ಅಂಕಿಗಳನ್ನೇ ನಂಬಬೇಕು.

ಪ್ರಶ್ನೆ: ನಾನು ವಿಮಾನ ಹಾರಿಸಲು ಕಲಿಯುತ್ತಿದ್ದೇನೆ. ಪಾಠದ ನಡುವೆ ಬೋಧಕರು ಎಂಜಿನ್ ಶಕ್ತಿಯನ್ನು ಹೆಚ್ಚು ಕಡಿಮೆ ಮಾಡುವ ಹಿಡಿಯಾದ ಥ್ರಾಟಲ್ ಅನ್ನು ಪೂರ್ತಿ ಹಿಂದಕ್ಕೆಳೆದು "ಎಂಜಿನ್ ಹೋಯಿತು, ಎಲ್ಲಿ ಇಳಿಯುತ್ತೀರಿ?" ಎಂದು ಕೇಳುತ್ತಾರೆ. ನಾನು ಒಂದು ಹೊಲ ತೋರಿಸಿ ಅತ್ತ ತಿರುಗುವಷ್ಟರಲ್ಲಿ ಅದಕ್ಕಿಂತ ಚೆನ್ನಾಗಿರುವ ಇನ್ನೊಂದು ಕಣ್ಣಿಗೆ ಬೀಳುತ್ತದೆ. ಅದರ ಕಡೆಗೆ ಹೊರಟರೆ ಕೊನೆಗೆ ಎರಡನ್ನೂ ತಲುಪುವಷ್ಟು ಎತ್ತರ ಉಳಿದಿರುವುದಿಲ್ಲ. ಜಾಗ ಆರಿಸುವುದಕ್ಕೆ ಏನಾದರೂ ಕ್ರಮವಿದೆಯೇ?

ಉತ್ತರ: ನಿಮಗೆ ಹೊಲ ಗುರುತಿಸಲು ಬರುತ್ತಿದೆ. ತೊಂದರೆ ಇರುವುದು ಎತ್ತರವನ್ನು ಖರ್ಚು ಮಾಡುವ ರೀತಿಯಲ್ಲಿ. ಎಂಜಿನ್ ನಿಂತ ವಿಮಾನ ನೇರವಾಗಿ ಕೆಳಗೆ ಬೀಳುವುದಿಲ್ಲ. ಮೂಗನ್ನು ತಕ್ಕಷ್ಟು ತಗ್ಗಿಸಿ ಸರಿಯಾದ ವೇಗದಲ್ಲಿ ಹಿಡಿದರೆ ಗ್ಲೈಡ್ ಮಾಡುತ್ತಾ, ಅಂದರೆ ಗಾಳಿಯಲ್ಲಿ ಮುಂದಕ್ಕೆ ಜಾರುತ್ತಾ, ಇಳಿಯುತ್ತದೆ. ಸೆಸ್ನಾ 172 ಎಸ್‌ಗೆ ಪೂರ್ಣ ತೂಕದಲ್ಲಿ ಆ ವೇಗ 68 ನಾಟ್, ಅಂದರೆ ಗಂಟೆಗೆ ಸುಮಾರು 126 ಕಿ.ಮೀ. ಈ ವೇಗದಲ್ಲಿ ಒಂದು ಅಡಿ ಇಳಿಯುವಷ್ಟರಲ್ಲಿ ವಿಮಾನ ಹೆಚ್ಚುಕಡಿಮೆ ಒಂಬತ್ತು ಅಡಿ ಮುಂದೆ ಸಾಗಿರುತ್ತದೆ. ನೆಲದಿಂದ 3,000 ಅಡಿ ಮೇಲೆ ಎಂಜಿನ್ ನಿಂತರೆ, ಗಾಳಿಯಿಲ್ಲದ ದಿನ, ನಿಮ್ಮ ಕೈಯಲ್ಲಿ ಸುಮಾರು 8 ಕಿ.ಮೀ. ದೂರವೂ ನಾಲ್ಕು ನಿಮಿಷಕ್ಕೆ ತುಸು ಕಡಿಮೆ ಸಮಯವೂ ಇರುತ್ತವೆ. 20 ನಾಟ್ ಗಾಳಿ ಬೀಸುತ್ತಿದ್ದರೆ ಅದೇ 3,000 ಅಡಿಯಲ್ಲಿ ಎದುರುಗಾಳಿಯ ಕಡೆಗೆ 6 ಕಿ.ಮೀ. ಕೂಡ ಹೋಗಲಾಗದು, ಹಿಂಗಾಳಿಯ ಕಡೆಗಾದರೆ 10 ಕಿ.ಮೀ. ದಾಟಬಹುದು. ಆದ್ದರಿಂದ ವಿಮಾನದ ಸುತ್ತ ನೀವು ಮನಸ್ಸಿನಲ್ಲಿ ಎಳೆದುಕೊಳ್ಳುವ ವೃತ್ತ ನಿಜವಾಗಿ ವೃತ್ತವೇ ಅಲ್ಲ. ಗಾಳಿ ಹೋಗುವ ದಿಕ್ಕಿಗೆ ಅದು ಚಾಚಿಕೊಂಡಿರುತ್ತದೆ.

ಈ ದೂರವನ್ನು ಪೂರ್ತಿಯಾಗಿ ನಂಬಿ ಜಾಗ ಆರಿಸಬಾರದು. ತಿರುವುಗಳಲ್ಲಿ ಎತ್ತರ ಬೇಗ ಕರಗುತ್ತದೆ, ವೇಗ ಹಿಡಿಯುವುದರಲ್ಲಿ ಐದು ನಾಟ್ ಆಚೀಚೆಯಾದರೂ ಲೆಕ್ಕ ತಪ್ಪುತ್ತದೆ, ಜೊತೆಗೆ ಹೊಲದ ಮೇಲೆ ಬಂದು ಸೇರಿದ ಮೇಲೂ ಗಾಳಿಗೆ ಎದುರಾಗಿ ಸುತ್ತಿ ಇಳಿಯಲು ಒಂದಷ್ಟು ಎತ್ತರ ಮಿಕ್ಕಿರಬೇಕು. ನನ್ನನ್ನು ಕೇಳಿದರೆ, ಲೆಕ್ಕದಲ್ಲಿ ಬರುವ ದೂರದ ಅರ್ಧದೊಳಗೆ ಇರುವ ಜಾಗಗಳನ್ನು ಮಾತ್ರ ಜಾಗಗಳೆಂದು ಎಣಿಸಬೇಕು. ಅದರಾಚೆ ಕಾಣುವುದನ್ನು, ಅದು ವಿಮಾನ ನಿಲ್ದಾಣವೇ ಆಗಿದ್ದರೂ, ಇಲ್ಲವೆಂದೇ ಭಾವಿಸುವುದು ಒಳ್ಳೆಯದು. ನಿಮ್ಮ ಕಣ್ಣಿಗೆ ಎರಡನೆಯ ಹೊಲ ಯಾವಾಗಲೂ ಚೆನ್ನಾಗಿ ಕಾಣುವುದಕ್ಕೂ ಕಾರಣವಿದೆ. ದೂರದ ಬೆಟ್ಟ ನುಣ್ಣಗೆ ಎಂಬ ಮಾತು ಹೊಲಕ್ಕೂ ಸಲ್ಲುತ್ತದೆ. ಹತ್ತಿರದ ಹೊಲದಲ್ಲಿ ನಿಮಗೆ ಹಳ್ಳವೂ ಬದುವೂ ಕಾಣುತ್ತವೆ. ದೂರದ್ದರಲ್ಲಿ ಅವು ಇದ್ದರೂ ಕಾಣುವುದಿಲ್ಲ. ಕಲಿಯುವವರು ಸಾಮಾನ್ಯವಾಗಿ ಮುಂದಿನ ಗಾಜಿನಲ್ಲಿ ಕಾಣುವ ನೆಲವನ್ನಷ್ಟೇ ಹುಡುಕುತ್ತಾರೆ. ಎತ್ತರವಿದ್ದಾಗ ಎಲ್ಲಕ್ಕಿಂತ ಸುಲಭವಾಗಿ ಸಿಗುವ ಜಾಗ ಬಹಳ ಸಲ ನಿಮ್ಮ ಕೆಳಗೇ, ರೆಕ್ಕೆಯ ಮರೆಯಲ್ಲಿ ಅಥವಾ ಈಗಷ್ಟೇ ದಾಟಿ ಬಂದ ಕಡೆ ಇರುತ್ತದೆ. ರೆಕ್ಕೆಯನ್ನು ಒಮ್ಮೆ ಅತ್ತಿತ್ತ ವಾಲಿಸಿ ನೋಡಿ.

ಇನ್ನು ನೋಡುವ ಕ್ರಮ. ಮೊದಲನೆಯದು ಗಾಳಿ. ಇಳಿಯುವ ಹೊತ್ತಿಗೆ ಸುತ್ತಲಿನ ಗಾಳಿಗೆ ಹೋಲಿಸಿದ ವಿಮಾನದ ವೇಗ 45 ನಾಟ್ ಎಂದಿಟ್ಟುಕೊಳ್ಳಿ. 15 ನಾಟ್ ಎದುರುಗಾಳಿಯಲ್ಲಿ ಇಳಿದರೆ ನೆಲಕ್ಕೆ ಹೋಲಿಸಿದ ವೇಗ 30 ನಾಟ್, ಅದೇ ಗಾಳಿ ಬೆನ್ನ ಹಿಂದಿದ್ದರೆ 60 ನಾಟ್. ಚಲನೆಯ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಏನಾದರೂ ಅಡ್ಡ ಬಂದಾಗ ಹಿಂಗಾಳಿಯಲ್ಲಿ ತಡೆದುಕೊಳ್ಳಬೇಕಾದ ಪೆಟ್ಟು ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಸಾಧಾರಣ ಹೊಲದಲ್ಲಿ ಎದುರುಗಾಳಿಗೆ ಇಳಿಯುವುದು, ಒಳ್ಳೆಯ ಹೊಲದಲ್ಲಿ ಹಿಂಗಾಳಿಯೊಂದಿಗೆ ಇಳಿಯುವುದಕ್ಕಿಂತ ಮೇಲು ಎನ್ನಲು ಇದೇ ಕಾರಣ. ಗಾಳಿ ಎತ್ತ ಬೀಸುತ್ತಿದೆ ಎಂಬುದನ್ನು ಹೊಗೆ, ಧೂಳು, ಕೆರೆಯ ಅಲೆ, ಪೈರು ಬಾಗುವ ರೀತಿ ಹೇಳುತ್ತವೆ. ಆದರೆ ಎಂಜಿನ್ ನಿಂತ ಮೇಲೆ ಅದನ್ನು ಹುಡುಕಲು ಹೊರಡಬಾರದು. ಹೊರಟ ರನ್‌ವೇ ಯಾವ ದಿಕ್ಕಿನದು ಎಂಬುದು ನೆನಪಿದ್ದರೆ ಅರ್ಧ ಉತ್ತರ ಆಗಲೇ ಸಿಕ್ಕಿರುತ್ತದೆ.

ಎರಡನೆಯದು ಉದ್ದ ಮತ್ತು ಹೊಲದ ಅಂಚುಗಳು. ಸೆಸ್ನಾ 172 ಎಸ್ ಸಮುದ್ರಮಟ್ಟದಲ್ಲಿ, ಒಣಗಿದ ಗಟ್ಟಿ ರನ್‌ವೇಯಲ್ಲಿ, ನೆಲಕ್ಕೆ ತಾಗಿದ ಮೇಲೆ ನಿಲ್ಲಲು ಕೈಪಿಡಿಯ ಪ್ರಕಾರ 575 ಅಡಿ, ಅಂದರೆ ಸುಮಾರು 175 ಮೀಟರ್ ಸಾಕು. 50 ಅಡಿ ಎತ್ತರದ ಅಡ್ಡಿಯೊಂದನ್ನು ದಾಟಿ ಬರಬೇಕಾದರೆ ಒಟ್ಟು 1,335 ಅಡಿ, ಅಂದರೆ 400 ಮೀಟರಿಗೂ ಹೆಚ್ಚು ಬೇಕು. ಅಂಚಿನಲ್ಲಿ ಮರಗಳ ಸಾಲಿದ್ದರೆ 400 ಮೀಟರ್ ಹೊಲದ ಅರ್ಧಕ್ಕಿಂತ ಹೆಚ್ಚು ಉದ್ದ ನಿಮ್ಮ ಪಾಲಿಗಿಲ್ಲ ಎಂದಾಯಿತು. ಹಾಗಾಗಿ ಉದ್ದದ ಹೊಲಕ್ಕಿಂತ, ನೀವು ಒಳಬರುವ ಕಡೆಯ ಅಂಚು ತೆರೆದಿರುವ ಹೊಲ ಮುಖ್ಯ.

ಮೂರನೆಯದಾದ ನೆಲದ ಗುಣದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ 2,000 ಅಡಿಯಿಂದ ಎಲ್ಲವೂ ಸಮತಟ್ಟಾಗಿಯೇ ತೋರುತ್ತದೆ. ಬಣ್ಣವೇ ಇಲ್ಲಿ ಮುಖ್ಯ ಸುಳಿವು. ಕೊಯ್ಲು ಮುಗಿದು ಕೂಳೆ ಮಾತ್ರ ಉಳಿದ ಹೊಲ ಮಾಸಲು ಹಳದಿಯಾಗಿ, ಒಂದೇ ಸಮನಾಗಿ ಕಾಣುತ್ತದೆ. ಸಾಮಾನ್ಯವಾಗಿ ಗಟ್ಟಿಯಾಗಿಯೂ ಇರುವ ಅದು ಸಿಕ್ಕರೆ ಬೇರೆ ಹುಡುಕುವುದು ಬೇಡ. ಕಡುಹಸಿರು ಬಣ್ಣ ಎಂದರೆ ಎತ್ತರಕ್ಕೆ ಬೆಳೆದ ಪೈರು ಅಥವಾ ನೀರು ನಿಂತ ನೆಲ. ಎರಡರಲ್ಲೂ ಚಕ್ರ ಹೂತು ವಿಮಾನ ಮುಂದಕ್ಕೆ ಮಗುಚುವ ಸಂಭವವಿದೆ. ಹೊಸದಾಗಿ ಉತ್ತ ಹೊಲ ಗಾಢ ಬಣ್ಣದಲ್ಲಿದ್ದು ಸಾಲುಗಳು ನೆರಳಿನ ಗೆರೆಗಳಾಗಿ ಕಾಣುತ್ತವೆ. ಅಂಥಲ್ಲಿ ಇಳಿಯಲೇಬೇಕಾದರೆ ಸಾಲಿನ ಉದ್ದಕ್ಕೆ ಇಳಿಯಬೇಕು. ಗಾಳಿ ತುಸು ಪಕ್ಕದಿಂದ ಬಂದರೂ ಸರಿಯೇ, ಸಾಲುಗಳಿಗೆ ಅಡ್ಡವಾಗಿ ಇಳಿಯಬಾರದು. ಹುಲ್ಲುಗಾವಲು ಒಳ್ಳೆಯದೇ, ಆದರೆ ದನಗಳು ಮೇಯುತ್ತಿದ್ದರೆ ಅವು ಎತ್ತ ಓಡುತ್ತವೆ ಎಂದು ಹೇಳಲಾಗದು. ಇಳಿಜಾರು ಎತ್ತರದಿಂದ ತಿಳಿಯುವುದೇ ಇಲ್ಲ. ತಿಳಿಯುವಷ್ಟು ಇದ್ದರೆ ಅದು ಕಡಿದಾಗಿದೆ ಎಂದೇ ಅರ್ಥ. ಪಕ್ಕದಲ್ಲಿ ತೊರೆ ಹರಿಯುತ್ತಿದ್ದರೆ ನೆಲ ಅದರ ಕಡೆಗೆ ಇಳಿಯುತ್ತಿರುತ್ತದೆ, ವಿಮಾನವನ್ನು ಏರಿನ ಕಡೆಗೆ ಮುಖ ಮಾಡಿ ಇಳಿಸಬೇಕು.

ತಂತಿಗಳ ವಿಷಯವನ್ನು ಬೇರೆಯಾಗಿ ಹೇಳುತ್ತೇನೆ. ವಿದ್ಯುತ್ ತಂತಿ ಮೇಲಿನಿಂದ ಕಾಣುವುದಿಲ್ಲ. ಅದು ಕಾಣುವ ಹೊತ್ತಿಗೆ ನೀವು ತಪ್ಪಿಸಿಕೊಳ್ಳಲಾಗದಷ್ಟು ಹತ್ತಿರ ಬಂದಿರುತ್ತೀರಿ. ಹುಡುಕಬೇಕಾದದ್ದು ಕಂಬಗಳನ್ನು, ಬೆಳಿಗ್ಗೆ ಮತ್ತು ಸಂಜೆಯಾದರೆ ನೆಲದ ಮೇಲೆ ಉದ್ದಕ್ಕೆ ಬಿದ್ದಿರುವ ಅವುಗಳ ನೆರಳನ್ನು. ಒಂಟಿ ಮನೆಯೊಂದು ಕಂಡರೆ ಅಲ್ಲಿಗೆ ಎಲ್ಲಿಂದಲೋ ತಂತಿ ಬಂದಿರಲೇಬೇಕು, ಅದು ನಿಮ್ಮ ಹೊಲವನ್ನು ಹಾದು ಬಂದಿದೆಯೇ ಎಂದು ನೋಡಿ.

ಇಷ್ಟನ್ನೂ ನೋಡಿ ಒಂದು ಜಾಗ ಆರಿಸಿದ ಮೇಲೆ ಮನಸ್ಸು ಬದಲಿಸಲು ಒಂದೇ ಕಾರಣ ಇರಬೇಕು: ಆರಿಸಿದ್ದರಲ್ಲಿ ಇಳಿಯುವುದು ಸಾಧ್ಯವಿಲ್ಲ ಎಂದು ಕಾಣುವುದು. ನಡುವೆ ತಂತಿ ಕಂಡಿತು, ಕಾಲುವೆ ಕಂಡಿತು, ಜನರಿದ್ದಾರೆ, ಆಗ ಬದಲಿಸಿ. ಪಕ್ಕದ್ದು ಇನ್ನಷ್ಟು ಹಸನಾಗಿದೆ ಎಂಬುದು ಕಾರಣವಲ್ಲ. ಸಾಮಾನ್ಯ ಇಳಿಯುವಿಕೆಯಲ್ಲಿ ಮಾಡುವಂತೆ, ತಾಗಬೇಕಾದ ಬಿಂದುವಿನ ಪಕ್ಕಕ್ಕೆ ಬರುವಾಗ ಸುಮಾರು 1,000 ಅಡಿ ಎತ್ತರ ಇರುವಂತೆ ನೋಡಿಕೊಂಡರೆ ಮುಂದಿನದೆಲ್ಲ ನೀವು ದಿನವೂ ಮಾಡುವ ಕೆಲಸವೇ. ಕೊನೆಯ ನೇರ ಹಾದಿಯಲ್ಲಿ ಗುರಿಯಿಟ್ಟ ಬಿಂದು ಗಾಜಿನಲ್ಲಿ ಕದಲದೆ ನಿಂತಿದ್ದರೆ ಅಲ್ಲಿಗೇ ಹೋಗುತ್ತಿದ್ದೀರಿ. ಅದು ಮೇಲಕ್ಕೆ ಸರಿಯುತ್ತಿದ್ದರೆ ಅಲ್ಲಿಯವರೆಗೆ ತಲುಪುವುದಿಲ್ಲ, ಕೆಳಕ್ಕೆ ಸರಿದು ಮೂಗಿನಡಿ ಹೋಗುತ್ತಿದ್ದರೆ ದಾಟಿ ಹೋಗುತ್ತೀರಿ. ಗುರಿಯನ್ನು ಹೊಲದ ಹತ್ತಿರದ ಅಂಚಿಗೆ ಇಡದೆ ಮೂರನೆಯ ಒಂದು ಭಾಗದಷ್ಟು ಒಳಗೆ ಇಡಿ. ಎತ್ತರ ಮಿಕ್ಕಿತು ಎಂದು ಖಚಿತವಾದ ಮೇಲೆ ಫ್ಲ್ಯಾಪ್ (ರೆಕ್ಕೆಯ ಹಿಂದಂಚಿನ ಮಡಚುವ ಭಾಗ) ಇಳಿಸಿ ಗುರಿಯನ್ನು ಹತ್ತಿರಕ್ಕೆ ಎಳೆದುಕೊಳ್ಳಬಹುದು. ಎತ್ತರ ಸಾಲದು ಎಂದು ಕಂಡಾಗ ಮಾತ್ರ ಮಾಡುವುದಕ್ಕೇನೂ ಇಲ್ಲ. ಮೂಗನ್ನೆತ್ತಿ ದೂರವನ್ನು ಹಿಗ್ಗಿಸಲು ಹೋದರೆ ದೂರವೂ ಕಡಿಮೆಯಾಗುತ್ತದೆ, ಸ್ಟಾಲ್ ಕೂಡ, ಅಂದರೆ ರೆಕ್ಕೆಗಳು ವಿಮಾನವನ್ನು ಎತ್ತಿ ಹಿಡಿಯಲಾರದ ಸ್ಥಿತಿಯೂ, ಹತ್ತಿರವಾಗುತ್ತದೆ. ಹೊಲದ ಆಚೆಯ ಬೇಲಿಗೆ ನಿಧಾನವಾಗಿ ಹೋಗಿ ತಾಗುವುದು, ಈಚೆಯ ಬೇಲಿಗೆ ಹಾರುವ ವೇಗದಲ್ಲಿ ಬಡಿಯುವುದಕ್ಕಿಂತ ಎಷ್ಟೋ ವಾಸಿ.

ಎಂಜಿನನ್ನು ಮತ್ತೆ ಚಾಲೂ ಮಾಡುವ ಪ್ರಯತ್ನ ಯಾವಾಗ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ವೇಗ ಹಿಡಿದು ಹೊಲದ ಕಡೆಗೆ ಮುಖ ತಿರುಗಿಸಿದ ಮೇಲೆ, ಅದಕ್ಕೆ ಮುಂಚೆ ಅಲ್ಲ. ಇಂಧನದ ಟ್ಯಾಂಕ್ ಬದಲಿಸುವುದು, ಇಂಧನ ಮತ್ತು ಗಾಳಿಯ ಮಿಶ್ರಣ, ಇಗ್ನಿಷನ್, ಅವೆರಡನ್ನೂ ಬೆರೆಸುವ ಕಾರ್ಬ್ಯುರೇಟರ್ ಇರುವ ಎಂಜಿನ್‌ಗಳಲ್ಲಿ ಬಿಸಿಗಾಳಿಯ ಗುಂಡಿ, ಇವಿಷ್ಟನ್ನೂ ಕೈ ತಾನಾಗಿ ಮಾಡುವಂತಿರಬೇಕು. ಕಾರ್ಬ್ಯುರೇಟರ್ ಒಳಗೆ ಮಂಜುಗಟ್ಟುವುದು ಚಳಿ ದೇಶಗಳ ರೋಗವೆಂದು ಹಲವರು ತಿಳಿದಿದ್ದಾರೆ. ಗಾಳಿಯಲ್ಲಿ ತೇವವಿದ್ದರೆ ಹೊರಗೆ 20 ಡಿಗ್ರಿ ಸೆಲ್ಸಿಯಸ್ ಇರುವಾಗಲೂ ಅದು ಆಗುತ್ತದೆ.

ಪ್ರಶ್ನೆ: ಉದ್ದಕ್ಕೆ ನೇರವಾಗಿ ಹೋಗುವ ಹೆದ್ದಾರಿ ಇರುವಾಗ ಹೊಲ ಹುಡುಕುವುದೇಕೆ? ರಸ್ತೆಯ ಮೇಲೆ ವಿಮಾನ ಸುರಕ್ಷಿತವಾಗಿ ಇಳಿದ ವಿಡಿಯೊಗಳನ್ನು ಎಷ್ಟೋ ನೋಡಿದ್ದೇವೆ.

ಉತ್ತರ: ಇಳಿದವರ ವಿಡಿಯೊ ಹರಿದಾಡುತ್ತದೆ, ನಿಜ. ಸೆಸ್ನಾ 172ರ ರೆಕ್ಕೆಗಳು ತುದಿಯಿಂದ ತುದಿಗೆ 11 ಮೀಟರ್ ಅಗಲವಿವೆ. ಎರಡು ಸಾಲಿನ ರಸ್ತೆ ಸುಮಾರು 7 ಮೀಟರ್. ಉಳಿದ ರೆಕ್ಕೆ ರಸ್ತೆಯ ಹೊರಗೆ, ಅಂದರೆ ಕಂಬ, ಮರ, ಸೂಚನಾ ಫಲಕ, ಸೇತುವೆಯ ತಡೆಗೋಡೆ ಇರುವ ಕಡೆ ಚಾಚಿಕೊಂಡಿರುತ್ತದೆ. ಒಂದು ಕಡೆಯ ರೆಕ್ಕೆ ಕಂಬಕ್ಕೆ ತಾಗಿದರೆ ವಿಮಾನ ಗಿರ್ರನೆ ತಿರುಗುತ್ತದೆ, ಒಳಗಿರುವವರಿಗೆ ಅಪಾಯ ಹೆಚ್ಚು. ರಸ್ತೆಯನ್ನು ಅಡ್ಡ ಹಾಯುವ ತಂತಿಗಳ ಮಾತನ್ನು ಮೇಲೆ ಹೇಳಿದ್ದಾಗಿದೆ. ರಸ್ತೆ ಗಾಳಿಯ ದಿಕ್ಕನ್ನು ನೋಡಿ ಹಾಕಿದ್ದೂ ಅಲ್ಲ.

ನನಗೆ ಇದಕ್ಕಿಂತ ದೊಡ್ಡ ಆಕ್ಷೇಪ ಕೆಳಗಿರುವವರದು. ವಿಮಾನ ಹತ್ತಿದವರು ಅದರ ಅಪಾಯವನ್ನು ಒಪ್ಪಿ ಹತ್ತಿರುತ್ತಾರೆ, ರಸ್ತೆಯಲ್ಲಿ ಹೋಗುವವರು ಒಪ್ಪಿಲ್ಲ. ಎಂಜಿನ್ ನಿಂತ ವಿಮಾನ ಸದ್ದನ್ನೂ ಹೆಚ್ಚು ಮಾಡುವುದಿಲ್ಲ, ಹಿಂದಿನಿಂದ ಬರುತ್ತಿದೆ ಎಂದು ಯಾರಿಗೂ ತಿಳಿಯದು. ಸಮುದ್ರ ತೀರದ ಮಾತೂ ಹೀಗೆಯೇ. ಅಲೆ ತೊಯಿಸಿ ಹೋದ ಮರಳು ಗಟ್ಟಿಯಾಗಿದ್ದು ಇಳಿಯಲು ಚೆನ್ನಾಗಿರುತ್ತದೆ, ಆದರೆ ಜನ ಓಡಾಡುವುದೂ ಆ ಪಟ್ಟಿಯಲ್ಲೇ. 2017ರ ಆಗಸ್ಟ್ 2ರಂದು ಪೋರ್ಚುಗಲ್‌ನ ಕಪಾರಿಕಾ ಕಡಲತೀರದಲ್ಲಿ ಎಂಜಿನ್ ಕೆಟ್ಟ ಸೆಸ್ನಾ 152 ಒಂದು ಇಳಿದಾಗ ತೀರದಲ್ಲಿದ್ದ ಇಬ್ಬರು ಸತ್ತರು, ಅವರಲ್ಲಿ ಒಬ್ಬಳು ಎಂಟು ವರ್ಷದ ಹುಡುಗಿ. ವಿಮಾನದಲ್ಲಿದ್ದ ಇಬ್ಬರಿಗೆ ಏನೂ ಆಗಲಿಲ್ಲ. ರಸ್ತೆಯಾಗಲಿ ತೀರವಾಗಲಿ, ಖಾಲಿಯಿದೆ ಎಂದು ಕಣ್ಣಾರೆ ಕಂಡರೆ ಮಾತ್ರ ಪಟ್ಟಿಗೆ ಸೇರಿಸಬಹುದು. ಆಗಲೂ ಅದರ ಪಕ್ಕದ ಹೊಲವೇ ಹೆಚ್ಚಾಗಿ ಮೇಲು. ರಸ್ತೆಯ ಹತ್ತಿರ ಇಳಿದರೆ ನೆರವು ಬೇಗ ಬರುತ್ತದೆ ಎಂಬ ಲಾಭವೂ ಇದೆ.

ಪ್ರಶ್ನೆ: ಮೇಲೇರಿದ ಕೂಡಲೇ ಎಂಜಿನ್ ನಿಂತರೆ ಬೆನ್ನ ಹಿಂದೆಯೇ ರನ್‌ವೇ ಇರುತ್ತದಲ್ಲ, ತಿರುಗಿ ಅಲ್ಲಿಗೇ ಬರಬಾರದು ಎನ್ನುವುದೇಕೆ?

ಉತ್ತರ: ಲೆಕ್ಕ ಹಾಕಿ ನೋಡೋಣ. ಸೆಸ್ನಾ 172 ಎಸ್ ಸಮುದ್ರಮಟ್ಟದಲ್ಲಿ 74 ನಾಟ್ ವೇಗದಲ್ಲಿ ನಿಮಿಷಕ್ಕೆ ಸುಮಾರು 730 ಅಡಿ ಏರುತ್ತದೆ. ನೆಲ ಬಿಟ್ಟ ಒಂದು ನಿಮಿಷಕ್ಕೆ ಎಂಜಿನ್ ನಿಂತಿತು ಎನ್ನೋಣ. ಆಗ ವಿಮಾನ ನೆಲ ಬಿಟ್ಟ ಜಾಗದಿಂದ ಸುಮಾರು 2.3 ಕಿ.ಮೀ. ದೂರದಲ್ಲಿರುತ್ತದೆ; 730 ಅಡಿಯಿಂದ ಗ್ಲೈಡ್ ಮಾಡಿ ಹೋಗಬಹುದಾದ ದೂರ ಸುಮಾರು 2 ಕಿ.ಮೀ. ತಿರುಗಲು ಒಂದಡಿಯೂ ಖರ್ಚಾಗದಿದ್ದರೂ ಸಾಲದು. ರನ್‌ವೇ ಉದ್ದವಾಗಿದ್ದರೆ ಅದರ ಆಚೆ ತುದಿ ಹತ್ತಿರವಿರುತ್ತದೆ ಎಂಬುದೊಂದೇ ಆಸರೆ. ಆದರೆ ತಿರುವು ಎತ್ತರವನ್ನು ತಿನ್ನದೆ ಬಿಡುವುದಿಲ್ಲ. ಅದು 180 ಡಿಗ್ರಿಯ ತಿರುವೂ ಅಲ್ಲ. ಹಾಗೆ ತಿರುಗಿದರೆ ರನ್‌ವೇಯ ಪಕ್ಕದಲ್ಲಿ ಅದಕ್ಕೆ ಸಮಾನಾಂತರವಾಗಿ ಬಂದಿರುತ್ತೀರಿ. ಇನ್ನಷ್ಟು ತಿರುಗಿ, ಮತ್ತೆ ಎದುರು ದಿಕ್ಕಿಗೆ ತಿರುಗಿ ಸಾಲಿಗೆ ಬರಬೇಕು. ಹೊರಟಾಗಿನ ಎದುರುಗಾಳಿ ಈಗ ಬೆನ್ನಿಗೆ ಬಂದಿರುತ್ತದೆ, ನೆಲ ವೇಗವಾಗಿ ಓಡುತ್ತಿರುವಂತೆ ಕಂಡು ಚಾಲಕರು ಅರಿವಿಲ್ಲದೆ ಮೂಗನ್ನೆತ್ತುತ್ತಾರೆ. ಎತ್ತರ ಉಳಿಸಲೆಂದು ಕಡಿದಾಗಿ ವಾಲಿಸಿದರೆ ಸ್ಟಾಲ್ ವೇಗ ಏರುತ್ತದೆ: ಎತ್ತರ ಬಿಡದ ತಿರುವಿನಲ್ಲಿ 45 ಡಿಗ್ರಿ ವಾಲಿದಾಗ 19 ಶೇಕಡಾ, 60 ಡಿಗ್ರಿಗೆ 41 ಶೇಕಡಾ. ನೆಲದ ಸಮೀಪದಲ್ಲಿ ತಿರುಗುತ್ತಾ ಸ್ಟಾಲ್ ಆದ ವಿಮಾನವನ್ನು ಸರಿಪಡಿಸಲು ಎತ್ತರ ಸಾಲುವುದಿಲ್ಲ. ಇದಕ್ಕೆಲ್ಲ ಮೊದಲು, ಏನಾಯಿತೆಂದು ತಿಳಿಯದೆ ಕಳೆದುಹೋಗುವ ಮೂರು ನಾಲ್ಕು ಸೆಕೆಂಡುಗಳಿವೆ. ಏರುತ್ತಿರುವ ವಿಮಾನದ ಮೂಗು ಎತ್ತರಕ್ಕಿರುವುದರಿಂದ ಅಷ್ಟರಲ್ಲೇ ವೇಗ ಗಣನೀಯವಾಗಿ ಬಿದ್ದಿರುತ್ತದೆ.

ಹಾಗೆಂದು ತಿರುಗುವುದು ಎಂದೆಂದಿಗೂ ಅಸಾಧ್ಯ ಎಂದು ನಾನು ಹೇಳುವುದಿಲ್ಲ. ಸಾಕಷ್ಟು ಎತ್ತರದಲ್ಲಿ, ಬೋಧಕರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಎಂಜಿನ್ ಶಕ್ತಿ ತೆಗೆದು ಸುರಕ್ಷಿತ ವೇಗದಲ್ಲಿ ಪೂರ್ತಿ ತಿರುವು ಮಾಡಿ ನಿಮ್ಮ ವಿಮಾನಕ್ಕೆ ಎಷ್ಟು ಅಡಿ ಬೇಕಾಯಿತೆಂದು ಅಳೆಯಿರಿ. ಅದಕ್ಕೆ ಗಾಬರಿಯ ಪಾಲನ್ನು ಧಾರಾಳವಾಗಿ ಸೇರಿಸಿ ಬರುವ ಎತ್ತರಕ್ಕಿಂತ ಕೆಳಗೆ ಎಂಜಿನ್ ನಿಂತರೆ ಎದುರಿಗೆ, ಎಡಬಲಕ್ಕೆ ಮೂವತ್ತು ಡಿಗ್ರಿಯೊಳಗೆ ಸಿಗುವುದರಲ್ಲೇ ಇಳಿಯುತ್ತೇನೆ ಎಂದು ಪ್ರತಿ ಸಲ ಹೊರಡುವ ಮೊದಲು ಬಾಯಿಬಿಟ್ಟು ಹೇಳಿಕೊಳ್ಳಿ. ನಟ ಹ್ಯಾರಿಸನ್ ಫೋರ್ಡ್ 2015ರ ಮಾರ್ಚ್ 5ರಂದು ತಮ್ಮ ಹಳೆಯ ರಯಾನ್ ಪಿಟಿ-22 ವಿಮಾನದಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಮೋನಿಕಾದಿಂದ ಮೇಲೇರಿದ ಸ್ವಲ್ಪ ಹೊತ್ತಿಗೆ ಎಂಜಿನ್ ಶಕ್ತಿ ಕಳೆದುಕೊಂಡಿತು. ಕಾರ್ಬ್ಯುರೇಟರ್ ಒಳಗೆ ಇಂಧನ ಹಾಯುವ ಸಣ್ಣ ತೂತಿನ ಭಾಗವಾದ ಜೆಟ್ ಸಡಿಲಗೊಂಡಿತ್ತೆಂದು ತನಿಖೆಯಿಂದ ಆಮೇಲೆ ತಿಳಿಯಿತು. ಅವರು ಹಿಂದಿರುಗಲು ಅನುಮತಿ ಕೇಳಿದರು, ರನ್‌ವೇ ತಲುಪುವುದಿಲ್ಲ ಎಂದು ಕಂಡಾಗ ಅದರ ಆಸೆ ಬಿಟ್ಟು ಗಾಲ್ಫ್ ಮೈದಾನದಲ್ಲಿ ಇಳಿದರು. ಮರದ ತುದಿಗೆ ತಾಗಿ ವಿಮಾನ ಜಖಂ ಆಯಿತು, ಅವರಿಗೂ ಗಂಭೀರ ಗಾಯವಾಯಿತು, ಜೀವ ಉಳಿಯಿತು. ಸುತ್ತ ಮನೆಗಳೇ ತುಂಬಿರುವ ಕಡೆ ರನ್‌ವೇಯನ್ನು ಬಿಟ್ಟುಕೊಟ್ಟ ಆ ನಿರ್ಧಾರವನ್ನು ನಾನು ಮೆಚ್ಚುತ್ತೇನೆ.

ಪ್ರಶ್ನೆ: ಕೆಳಗೆ ಎಲ್ಲಿ ನೋಡಿದರೂ ಕಾಡು, ಇಲ್ಲವೇ ನೀರು. ಆಗ?

ಉತ್ತರ: ಆಗ ವಿಮಾನವನ್ನು ಉಳಿಸುವ ಯೋಚನೆ ಬಿಟ್ಟು, ಕುಳಿತಿರುವ ಗೂಡನ್ನು ಹೇಗೆ ನಿಧಾನವಾಗಿ ನಿಲ್ಲಿಸಬಹುದು ಎಂದಷ್ಟೇ ಯೋಚಿಸಬೇಕು. ಚಕ್ರ, ರೆಕ್ಕೆ, ಬಾಲ ಇವೆಲ್ಲ ಮುರಿದು ಹೋಗಲಿ. ಅವು ಮುರಿಯುವಾಗ ನುಂಗುವ ಪೆಟ್ಟು ಒಳಗಿನವರಿಗೆ ಬರುವುದಿಲ್ಲ. ನಿಲ್ಲಲು ಬೇಕಾದ ದೂರ ನಾವು ಅಂದುಕೊಳ್ಳುವುದಕ್ಕಿಂತ ತೀರ ಕಡಿಮೆ. ಗಂಟೆಗೆ 80 ಕಿ.ಮೀ. ವೇಗದಿಂದ, ಗುರುತ್ವದ ಒಂಬತ್ತು ಪಟ್ಟು ಬಲದಲ್ಲಿ ಒಂದೇ ಸಮನಾಗಿ ನಿಲ್ಲಲು ಮೂರು ಮೀಟರ್ ಸಾಕು. ಭುಜದ ಪಟ್ಟಿಯನ್ನೂ ಬಿಗಿದು ಕುಳಿತವರು ಕ್ಷಣಕಾಲ ಅಷ್ಟನ್ನು ತಡೆದುಕೊಳ್ಳಬಲ್ಲರು. ವೇಗ ಎರಡು ಪಟ್ಟಾದರೆ ಈ ಮೂರು ಮೀಟರ್ ಹನ್ನೆರಡಾಗುತ್ತದೆ.

ಆದ್ದರಿಂದ ಮರಗಳಲ್ಲಿ ತಗ್ಗಾಗಿ, ದಟ್ಟವಾಗಿ, ತಲೆಗಳು ಒಂದೇ ಮಟ್ಟದಲ್ಲಿ ಹೆಣೆದುಕೊಂಡಿರುವುದನ್ನು ಆರಿಸಬೇಕು. ಎದುರುಗಾಳಿಗೆ ಮುಖ ಮಾಡಿ, ಸ್ಟಾಲ್ ಆಗದಂತೆ ಸಾಧ್ಯವಾದಷ್ಟು ಕಡಿಮೆ ವೇಗದಲ್ಲಿ, ಮೂಗನ್ನು ತುಸು ಎತ್ತಿ, ಎರಡೂ ರೆಕ್ಕೆ ಒಟ್ಟಿಗೆ ತಾಗುವಂತೆ ಹೋಗಬೇಕು. ಬಿಡಿಬಿಡಿಯಾಗಿ ನಿಂತ ಎತ್ತರದ ಮರಗಳು ಕೆಟ್ಟವು. ಅವುಗಳ ತುದಿಯಲ್ಲಿ ವೇಗ ಕಳೆದುಕೊಂಡ ವಿಮಾನ ಅಲ್ಲಿಂದ ಕೆಳಗೆ ಬೀಳುತ್ತದೆ. ಪೊದೆಗಳು, ಎಳೆಯ ಗಿಡಗಳು ಸಿಕ್ಕರೆ ಅದೃಷ್ಟವೆಂದೇ ತಿಳಿಯಿರಿ.

ನೀರಿನ ಮೇಲೆ ಇಳಿಯುವುದು ನೋಡಲು ಸುಲಭ. 2009ರ ಜನವರಿ 15ರಂದು ಹಡ್ಸನ್ ನದಿಯ ಮೇಲೆ ಇಳಿದ ಏರ್‌ಬಸ್ ಎ320ರಲ್ಲಿದ್ದ 155 ಜನರೂ ಬದುಕಿದ್ದನ್ನು ಹಲವು ಓದುಗರು ನೆನಪಿಸಿದ್ದಾರೆ. ಆ ವಿಮಾನದ ಚಕ್ರಗಳು ಒಳಗೆ ಮಡಚಿಕೊಳ್ಳುವಂಥವು. ತರಬೇತಿಯ ಸಣ್ಣ ವಿಮಾನಗಳ ಚಕ್ರ ಸದಾ ಹೊರಗೇ ಇದ್ದು ಮೊದಲು ನೀರಿಗೆ ಸಿಕ್ಕಿಕೊಳ್ಳುತ್ತದೆ, ವಿಮಾನ ಮುಂದಕ್ಕೆ ಮಗುಚಿ ತಲೆಕೆಳಗಾಗುವ ಸಂಭವ ಇರುತ್ತದೆ. ಮಗುಚಿದ ವಿಮಾನದಿಂದ ನೀರಿನೊಳಗೆ ಬಾಗಿಲು ಹುಡುಕಿ ಹೊರಬರುವುದೇ ಅಲ್ಲಿನ ನಿಜವಾದ ಕಷ್ಟ. ಬೇರೆ ದಾರಿಯಿಲ್ಲದಿದ್ದರೆ ದಡದ ಅಥವಾ ದೋಣಿಯ ಹತ್ತಿರ, ಉಬ್ಬಲೆಗಳಿಗೆ ಸಮಾನಾಂತರವಾಗಿ ಇಳಿಯಬೇಕು, ಬಾಗಿಲನ್ನು ಮೊದಲೇ ಬಿಚ್ಚಿಟ್ಟಿರಬೇಕು, ಜೀವರಕ್ಷಕ ಜಾಕೆಟ್‌ಗೆ ಗಾಳಿ ತುಂಬುವುದು ಹೊರಬಂದ ಮೇಲೆಯೇ. ಒಳಗೆ ತುಂಬಿದರೆ ಅದೇ ಮೇಲಕ್ಕೆ ಒತ್ತಿ ಹೊರಬರಲು ಬಿಡುವುದಿಲ್ಲ. ಪೊದೆ ತುಂಬಿದ ನೆಲ ಮತ್ತು ನೀರು ಎರಡೂ ಕೈಗೆಟುಕುವಂತಿದ್ದರೆ ನನ್ನ ಆಯ್ಕೆ ನೆಲ. ಗಾಯಗೊಂಡವರು ನೆಲದ ಮೇಲೆ ಉಸಿರಾಡುತ್ತಾ ಕಾಯಬಹುದು.

ಪ್ರಶ್ನೆ: ರಾತ್ರಿಯಲ್ಲಿ ಏನೂ ಕಾಣದಿರುವಾಗ ಜಾಗ ಆರಿಸುವುದು ಹೇಗೆ?

ಉತ್ತರ: ಹೆಚ್ಚೇನೂ ಆರಿಸಲಾಗದು ಎಂಬುದೇ ಪ್ರಾಮಾಣಿಕ ಉತ್ತರ. ದೀಪಗಳಿರುವ ಕಡೆ ಜನ, ಮನೆ, ತಂತಿ ಇರುತ್ತವೆ, ಪೂರ್ತಿ ಕತ್ತಲಿರುವ ಕಡೆ ನೀರೂ ಇರಬಹುದು, ಗುಡ್ಡವೂ ಇರಬಹುದು. ನೆಲದ ಪರಿಚಯವಿದ್ದರೆ ದೀಪಗಳಿಂದ ದೂರದ, ಆದರೆ ರಸ್ತೆಗೆ ತೀರ ದೂರವಲ್ಲದ ಬಯಲಿನತ್ತ ಹೋಗಬೇಕು. ಕೆಳಗೆ ಬಂದಾಗ ಇಳಿಯುವ ದೀಪ ಹಾಕಿ ನೋಡಿ, ಕಂಡದ್ದು ಹಿಡಿಸದಿದ್ದರೆ ದೀಪ ನಂದಿಸಿಬಿಡಿ ಎಂಬುದು ಪೈಲಟ್‌ಗಳ ನಡುವಿನ ಹಳೆಯ ನಗೆಮಾತು. ರಾತ್ರಿ ಹಾರುವವರು ದಾರಿಯನ್ನು ಒಂದು ವಿಮಾನ ನಿಲ್ದಾಣದಿಂದ ಇನ್ನೊಂದಕ್ಕೆ ಸಾಗುವಂತೆ, ಹಗಲಿಗಿಂತ ಎತ್ತರದಲ್ಲಿ ಹಾಕಿಕೊಳ್ಳುವುದು ಇದಕ್ಕಾಗಿಯೇ.

ಪ್ರಶ್ನೆ: ಈಗ ಕೆಲವು ಸಣ್ಣ ವಿಮಾನಗಳಿಗೆ ಇಡೀ ವಿಮಾನವನ್ನೇ ಇಳಿಸುವ ಪ್ಯಾರಾಚೂಟ್ ಇದೆಯಂತೆ. ಇನ್ನು ಜಾಗ ಆರಿಸುವ ತಲೆನೋವೇ ಇಲ್ಲ ಅಲ್ಲವೇ?

ಉತ್ತರ: 1990ರ ದಶಕದ ಕೊನೆಯಿಂದ ಸಿರಸ್ ಕಂಪನಿಯ ಎಸ್‌ಆರ್20, ಆಮೇಲೆ ಎಸ್‌ಆರ್22 ವಿಮಾನಗಳಲ್ಲಿ ಇದು ಬರುತ್ತಿದೆ. ರಾತ್ರಿಯಲ್ಲಿ, ಕಾಡಿನ ಮೇಲೆ, ಮೋಡ ಕವಿದಾಗ ಇದರ ಬೆಲೆ ತಿಳಿಯುತ್ತದೆ. ಆದರೆ ಪ್ಯಾರಾಚೂಟ್ ಬಿಚ್ಚಿಕೊಳ್ಳಲು ಹಲವು ನೂರು ಅಡಿ ಬೇಕು, ಮೇಲೇರಿದ ಕೂಡಲೇ ನಿಂತ ಎಂಜಿನ್‌ಗೆ ಅದು ಒದಗುವುದಿಲ್ಲ. ನಿಮಿಷಕ್ಕೆ ಸುಮಾರು 1,700 ಅಡಿ ವೇಗದಲ್ಲಿ ವಿಮಾನ ನೆಲಕ್ಕೆ ಬರುತ್ತದೆ. ಆ ಪೆಟ್ಟನ್ನು ಚಕ್ರಗಳೂ ಆಸನದ ಕೆಳಗಿನ ಕುಸಿಯುವ ಭಾಗಗಳೂ ಹೀರಿಕೊಳ್ಳಬೇಕು. ಒಮ್ಮೆ ಎಳೆದ ಮೇಲೆ ಎಲ್ಲಿ ಇಳಿಯಬೇಕೆಂಬುದು ಗಾಳಿಯ ಕೈಯಲ್ಲಿರುತ್ತದೆ, ಎಲ್ಲಿ ಎಳೆಯಬೇಕೆಂಬುದನ್ನಂತೂ ಚಾಲಕರೇ ಆರಿಸಬೇಕು.

ಪ್ರಶ್ನೆ: ನಾನು ಹಾರಿಸುವವಳಲ್ಲ, ಸ್ನೇಹಿತರ ಜೊತೆ ಪಕ್ಕದ ಆಸನದಲ್ಲಿ ಕುಳಿತು ಹೋಗುವವಳು. ಅಂಥ ಹೊತ್ತಿನಲ್ಲಿ ನನ್ನಿಂದ ಏನಾದರೂ ಆದೀತೇ?

ಉತ್ತರ: ಆದೀತು. ಚಾಲಕರು ಹೊಲ ಆರಿಸಿ ಹೇಳಿದ ಮೇಲೆ ನಿಮ್ಮ ಕಣ್ಣು ಕಂಬಗಳನ್ನು ಹುಡುಕಲಿ. ಕಂಡರೆ ಎಲ್ಲಿ ಎಂದು ಒಂದೇ ಮಾತಿನಲ್ಲಿ ಹೇಳಿ. ಬೇರೆ ಹೊಲ ತೋರಿಸಬೇಡಿ. ಅವರು ರೇಡಿಯೊದಲ್ಲಿ ಮೇಡೇ ಎಂಬ ಅಪಾಯದ ಕರೆ ಕೊಡುವುದಕ್ಕೂ, ರಾಡಾರ್‌ಗೆ ವಿಮಾನದ ಗುರುತು ಕಳಿಸುವ ಟ್ರಾನ್ಸ್‌ಪಾಂಡರ್‌ನಲ್ಲಿ ತುರ್ತಿನ ಸಂಖ್ಯೆಯಾದ 7700 ಹಾಕುವುದಕ್ಕೂ ಸಮಯ ಸಿಕ್ಕರೆ ಸಿಗಬಹುದು, ಅದು ಅವರ ಕೆಲಸ. ನೀವು ಸೊಂಟದ ಮತ್ತು ಭುಜದ ಪಟ್ಟಿಗಳನ್ನು ನೋಯುವಷ್ಟು ಬಿಗಿದುಕೊಳ್ಳಿ, ಕನ್ನಡಕ ಮತ್ತು ಜೇಬಿನ ಪೆನ್ನು ತೆಗೆದಿಡಿ, ಮಡಿಲಲ್ಲಿ ಜಾಕೆಟ್ ಇದ್ದರೆ ಮುಖಕ್ಕೆ ಅಡ್ಡ ಹಿಡಿಯಲು ಸಿದ್ಧವಾಗಿಟ್ಟುಕೊಳ್ಳಿ. ಅವರು ಹೇಳಿದಾಗ ಬಾಗಿಲಿನ ಚಿಲಕ ತೆರೆದಿಡಿ. ಪೆಟ್ಟು ಬಿದ್ದು ಚೌಕಟ್ಟು ಬಾಗಿದರೆ ಮುಚ್ಚಿದ ಬಾಗಿಲು ಸಿಕ್ಕಿಕೊಳ್ಳುತ್ತದೆ, ತೆರೆದದ್ದು ಸಿಕ್ಕಿಕೊಳ್ಳದು. ನೆಲಕ್ಕೆ ತಾಗುವ ಮೊದಲು ಅವರು ಇಂಧನ, ಇಗ್ನಿಷನ್, ಕೊನೆಯಲ್ಲಿ ವಿದ್ಯುತ್ ಸ್ವಿಚ್ ಬಂದ್ ಮಾಡುತ್ತಾರೆ, ಕಾಕ್‌ಪಿಟ್ ಒಮ್ಮೆಲೇ ನಿಶ್ಶಬ್ದವಾದರೆ ಗಾಬರಿಯಾಗಬೇಡಿ.

ನಿಂತ ಮೇಲೆ ಪ್ರೊಪೆಲ್ಲರ್ ಕಡೆಗೆ ಹೋಗದೆ ಹಿಂಬದಿಯಿಂದ ಹೊರಬಂದು ಗಾಳಿ ಬೀಸಿ ಬರುವ ಕಡೆಗೆ ನಡೆಯಿರಿ. ಇಂಧನಕ್ಕೆ ಬೆಂಕಿ ಹತ್ತಿದರೆ ಹೊಗೆ ಎದುರು ದಿಕ್ಕಿಗೆ ಹೋಗುತ್ತದೆ. ಬೆಂಕಿಯ ಸೂಚನೆ ಇಲ್ಲದಿದ್ದರೆ ವಿಮಾನದಿಂದ ಬಹಳ ದೂರ ಹೋಗಬಾರದು. ಹುಡುಕುವವರ ಕಣ್ಣಿಗೆ ಮೊದಲು ಬೀಳುವುದು ವಿಮಾನ, ಮನುಷ್ಯರಲ್ಲ. ಅದರಲ್ಲಿರುವ ತುರ್ತು ಟ್ರಾನ್ಸ್‌ಮಿಟರ್ 406 ಮೆಗಾಹರ್ಟ್ಸ್‌ನದಾಗಿದ್ದರೆ ಉಪಗ್ರಹಗಳು ಅದರ ಸಂಕೇತವನ್ನು ಹಿಡಿಯುತ್ತವೆ. ಹಳೆಯ 121.5 ಮೆಗಾಹರ್ಟ್ಸ್ ಸಂಕೇತಗಳನ್ನು ಉಪಗ್ರಹಗಳು ಗಮನಿಸುವುದು 2009ರ ಫೆಬ್ರವರಿಯಲ್ಲೇ ನಿಂತಿದೆ. ನಿಮ್ಮ ಸ್ನೇಹಿತರ ವಿಮಾನದಲ್ಲಿರುವುದು ಯಾವುದು, ಅದನ್ನು ಕೈಯಿಂದ ಚಾಲೂ ಮಾಡುವ ಸ್ವಿಚ್ ಎಲ್ಲಿದೆ ಎಂಬುದನ್ನು ಮುಂದಿನ ಸಲ ಹೊರಡುವ ಮೊದಲೇ ಕೇಳಿ ತಿಳಿದುಕೊಳ್ಳಿ.